ಮಂಚಕ್ಕೆ ಕಟ್ಟುವುದು ಆರೈಕೆಯೇ?

ಮೂತ್ರದ ಸೋಂಕಿಗೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದ ಡಿಮೆನ್ಷಿಯಾದ ಅಜ್ಜಿಯರು ಸ್ಟ್ರೆಚರ್ ಮೇಲೆ ಮನೆಗೆ ಬರುತ್ತಾರೆ. ಮಣಿಕಟ್ಟಿನಲ್ಲಿ ಬ್ಯಾಂಡೇಜು ಬಿಗಿದ ಗುರುತು, ಸೊಂಟದ ಕೆಳಗೆ ಹುಣ್ಣು. ಕೇಳಿದರೆ ಸಿದ್ಧ ಉತ್ತರ: ‘ಪೇಷೆಂಟ್ ಕೋಆಪರೇಟ್ ಮಾಡಲಿಲ್ಲ.’

ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು, ಇವುಗಳಲ್ಲಿ ಒಂದಿದ್ದರೂ ಸಾಕು, ಇಂಥವರು ದಿಢೀರನೆ ಗಲಿಬಿಲಿಗೊಂಡು ಕೂಗಾಡಬಹುದು. ಅದು ಹಟವಲ್ಲ, ರೋಗಲಕ್ಷಣ. ಕಾರಣ ಹುಡುಕದೆ ಕೈ ಕಟ್ಟಿ, ಮತ್ತು ಬರಿಸಿ ಮಲಗಿಸಿದರೆ ಉಳಿದಿದ್ದ ನಡಿಗೆಯೂ ಮಾತೂ ಹೋಗುತ್ತವೆ. ರೋಗ ವರ್ಷಗಟ್ಟಲೆ ಕಸಿಯುವುದನ್ನು ವಾರ್ಡು ವಾರದಲ್ಲಿ ಮುಗಿಸುತ್ತದೆ.

ಗೊತ್ತಿರಲಿಲ್ಲ ಎನ್ನಬೇಡಿ. ಹೀಗೆ ಮತ್ತು ಬರಿಸಲು ಕೊಡುವ ಆಂಟಿಸೈಕೋಟಿಕ್ ಔಷಧಿಗಳು ಡಿಮೆನ್ಷಿಯಾ ಇರುವ ವೃದ್ಧರ ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತು. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ ಕಟ್ಟಬಹುದು ಎನ್ನುತ್ತದೆ ನಮ್ಮದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮಾನಸಿಕ ಆಸ್ಪತ್ರೆಯಲ್ಲಿ ಸಲ್ಲದ್ದು ಜನರಲ್ ವಾರ್ಡಿನಲ್ಲಿ ಹೇಗೆ ಸಲ್ಲುತ್ತದೆ?

ನರ್ಸಮ್ಮನ ಮೇಲೆ ಗೂಬೆ ಕೂರಿಸುವುದು ಸುಲಭ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಆಕೆಯ ಹೆಗಲಿಗೆ ಹೇರಿದವರು ಯಾರು? ಡಿಮೆನ್ಷಿಯಾವನ್ನು ಪರೀಕ್ಷೆಗೆ ಉರುಹೊಡೆಯುವ ಪಾಠವಾಗಿಸಿದವರು ಯಾರು? ಕಲಿಸಬೇಕಾದದ್ದು ಇಷ್ಟು: ಎದುರಿಗೆ ಬಂದು, ಮುಖ ಕಾಣುವಂತೆ ನಿಂತು ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಕನ್ನಡಕ, ಕಿವಿಯ ಮಿಷನ್ ಹಾಕಿಸುವುದು. ಮಾತು ನಿಂತವರ ನೋವನ್ನು ಹಣೆಯ ಗಂಟಿನಲ್ಲಿ ಗುರುತಿಸುವುದು. ಸತ್ತ ಗಂಡನನ್ನು ಕರೆಯುವ ಅಜ್ಜಿಯೊಡನೆ ವಾದಕ್ಕಿಳಿಯದೆ ‘ಯಜಮಾನರಿಗೆ ಏನು ಅಡುಗೆ ಇಷ್ಟ, ಅಜ್ಜಿ?’ ಎಂದು ಮಾತಿಗೆಳೆಯುವುದು. ಇದಕ್ಕೆ ಕೋಟಿಯ ಯಂತ್ರ ಬೇಡ. ರೋಗಿಯ ಪಕ್ಕದಲ್ಲಿ ನಿಲ್ಲಿಸಿ ಕಲಿಸುವವರು ಬೇಕು, ಪಾಳಿಗೆ ಸಾಕಷ್ಟು ಜನ ಬೇಕು.

ದೇಶದ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ನಿಮ್ಹಾನ್ಸ್ ಇರುವ, ಬೀದಿಬೀದಿಗೆ ನರ್ಸಿಂಗ್ ಕಾಲೇಜು ತೆರೆದ ಕರ್ನಾಟಕಕ್ಕೆ ಯಾವ ನೆಪವೂ ಉಳಿದಿಲ್ಲ. ಪ್ರತಿ ನರ್ಸಿಂಗ್ ವಿದ್ಯಾರ್ಥಿಗೂ ಈ ಆರೈಕೆಯ ವಾರ್ಡ್ ಅಭ್ಯಾಸ ಕಡ್ಡಾಯವಾಗಲಿ. ಕೆಲಸದಲ್ಲಿರುವವರಿಗೆ ಡ್ಯೂಟಿಯ ಅವಧಿಯಲ್ಲೇ, ಸಂಬಳ ಸಹಿತ ತರಬೇತಿ ಸಿಗಲಿ.

ಅಲ್ಲಿಯವರೆಗೆ ಓದುಗರೇ, ನಿಮ್ಮ ಮನೆಯ ಹಿರಿಯರ ಕೈ ಕಟ್ಟಿದರೆ ಸುಮ್ಮನಿರಬೇಡಿ. ಯಾರ ಆದೇಶ, ಯಾವ ಕಾರಣ, ಎಷ್ಟು ಹೊತ್ತು? ಬರೆದು ಕೊಡಿ ಎಂದು ಕೇಳಿ.