ಸತ್ತ ಕೋಳಿಗೆ ಬೆಲೆಯಿಲ್ಲವಂತೆ!



ನಿಮ್ಮ ಮನೆಯ ಲೆಕ್ಕದಲ್ಲಿ ಕೋಳಿ ಎಲ್ಲಿದೆ, ಒಮ್ಮೆ ಹುಡುಕಿ ನೋಡಿ. ಕಬ್ಬು ಎಷ್ಟು ಟನ್ ಹೋಯಿತು, ಬಿಲ್ಲು ಎಷ್ಟು ಬಾಕಿ ಉಳಿಯಿತು, ಸೊಸೈಟಿ ಸಾಲದ ಕಂತು ಯಾವ ತಿಂಗಳು, ಗೊಬ್ಬರದ ಅಂಗಡಿಯ ಉದ್ರಿ ಎಷ್ಟು ಏರಿತು, ಇದೆಲ್ಲ ನಿಮಗೆ ಬಾಯಿಪಾಠ. ಆದರೆ ಮಗನ ಪರೀಕ್ಷೆಯ ಫೀ ಕಟ್ಟಿದ್ದು ಯಾವ ದುಡ್ಡಿನಿಂದ? ಮಳೆಗಾಲದಲ್ಲಿ ಕೈಯಲ್ಲಿ ಬಿಡಿಗಾಸಿಲ್ಲದಾಗ ಎಣ್ಣೆ, ಚಾಪುಡಿ, ಸಕ್ಕರೆ ಬಂದದ್ದು ಎಲ್ಲಿಂದ? ಬೀಗರು ಬಂದಾಗ ಮಾನ ಉಳಿಸಿದ್ದು ಯಾರು? ನಿಮ್ಮ ಮನೆಯಾಕೆಯನ್ನು ಕೇಳಿ, ಹಿತ್ತಲ ಕಡೆ ಕೈ ತೋರಿಸುತ್ತಾಳೆ. ಒಂದು ಜವಾರಿ ಕೋಳಿ ವರ್ಷಕ್ಕೆ ಐವತ್ತು, ಅರವತ್ತು ಮೊಟ್ಟೆ ಇಡುತ್ತದೆ. ಅರ್ಧ ಮಾರಿದರೆ ಅರ್ಧ ಕಾವಿಗೆ. ಬ್ಯಾಂಕಿನ ಮ್ಯಾನೇಜರನ ಸಹಿ ಬೇಡ, ಬಡ್ಡಿಯಿಲ್ಲ, ನೋಟೀಸಿಲ್ಲ. ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ಸೀಮೆಯ ಹಳ್ಳಿಯಲ್ಲಿ ಹೆಂಗಸರ ಕೈಯಲ್ಲಿರುವ ಬ್ಯಾಂಕು ಇದೊಂದೇ.

ಈ ಬ್ಯಾಂಕು ಎರಡು ದಿನದಲ್ಲಿ ದಿವಾಳಿಯಾಗಬಹುದು. ಆದಾಗ ಸರ್ಕಾರ ಒಂದು ಪೈಸೆಯನ್ನೂ ಕೊಡುವುದಿಲ್ಲ. ಕೊಡದಿರುವಂತೆ ನಿಯಮವನ್ನೇ ಮಾಡಿಟ್ಟಿದ್ದಾರೆ. ಅದನ್ನು ಹೇಳಲು ಈ ಬರಹ.

ಹಕ್ಕಿಜ್ವರ ನಮ್ಮ ದೇಶಕ್ಕೆ ಕಾಲಿಟ್ಟದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ. ಆಮೇಲೆ ಬಿಟ್ಟು ಬಿಟ್ಟು ಬರುತ್ತಲೇ ಇದೆ. ಸರ್ಕಾರದ ನೀತಿ ಎರಡೇ ಮಾತಿನದು: ಪತ್ತೆ ಹಚ್ಚು, ಕೊಲ್ಲು. ಸತ್ತ ಕೋಳಿಯ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು, ಕೊನೆಯ ಮಾತು ಭೋಪಾಲದ ಸಂಸ್ಥೆಯಿಂದ ಬರಬೇಕು. ರೋಗ ಹೌದೆಂದು ಗೊತ್ತಾದ ಮೇಲೆ ಆ ಜಾಗದ ಸುತ್ತ 1 ಕಿಲೋಮೀಟರ್ ದೂರದವರೆಗೆ ಇರುವ ಕೋಳಿಗಳನ್ನೆಲ್ಲ ಕೊಂದು ಹೂಳುತ್ತಾರೆ, 10 ಕಿಲೋಮೀಟರ್‌ವರೆಗೆ ಕಣ್ಣಿಡುತ್ತಾರೆ. ಕೊಂದ ಕೋಳಿಗೆ ಪರಿಹಾರ ಉಂಟು, ಕೇಂದ್ರ ಅರ್ಧ, ರಾಜ್ಯ ಅರ್ಧ. ಆದರೆ ಅವರು ಬರುವುದಕ್ಕೆ ಮುಂಚೆ ರೋಗದಿಂದಲೇ ಸತ್ತ ಕೋಳಿಗೆ? ಇಲ್ಲ. ಸತ್ತದ್ದು ಸತ್ತಂತೆ.

ರೈತರು ಬೇಗ ತಿಳಿಸಲಿ ಎಂದೇ ಹೀಗೆ ಮಾಡಿದ್ದೇವೆ ಎನ್ನುತ್ತಾರೆ. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಈಗ ಹಿತ್ತಲಿಗೆ ಬಂದು ಲೆಕ್ಕ ಹಾಕೋಣ. ಹತ್ತು ಸಾವಿರ ಕೋಳಿಯ ಶೆಡ್ಡಿನಲ್ಲಿ ರೋಗ ಹೊಕ್ಕಿತು ಅನ್ನಿ. ಮೊದಲ ದಿನ ನೂರು ಸಾಯುತ್ತವೆ, ಮರುದಿನ ಸಾವಿರ. ಶೆಡ್ಡಿನವನ ಹತ್ತಿರ ಫೋನಿದೆ, ಕಂಪನಿಯ ಡಾಕ್ಟರಿದ್ದಾನೆ, ಕಾರಿದೆ. ಅಧಿಕಾರಿಗಳು ಬರುವ ಹೊತ್ತಿಗೆ ಕೊಲ್ಲಲು ಇನ್ನೂ ಸಾವಿರಗಟ್ಟಲೆ ಜೀವಂತ ಉಳಿದಿರುತ್ತವೆ, ಅವಕ್ಕೆಲ್ಲ ದುಡ್ಡು. ಜೋಯಿಡಾದ ಕಾಡಿನ ನಡುವಿನ ಒಂಟಿ ಮನೆಯಲ್ಲಿ ಇರುವುದು ಹನ್ನೆರಡು ಕೋಳಿ. ಈ ರೋಗ ಜೋರಾಗಿ ಬಂದರೆ ಎರಡು ದಿನದಲ್ಲಿ ನೂರಕ್ಕೆ ತೊಂಬತ್ತರಿಂದ ನೂರು ಕೋಳಿ ಸಾಯುತ್ತವೆ. ಮನೆಯಾಕೆ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಮಾದರಿ ತಾಲೂಕು ದಾಟಿ ಜಿಲ್ಲೆ ದಾಟಿ ಭೋಪಾಲಕ್ಕೆ ಹೋಗಿ ಉತ್ತರ ಬರುವಷ್ಟರಲ್ಲಿ ಅವಳ ಗೂಡಿನಲ್ಲಿ ಏನು ಉಳಿದಿರುತ್ತದೆ? ಪುಕ್ಕ! ಒಂದೇ ನಿಯಮ ನೋಡಿ ಬಂಧುಗಳೇ, ದೊಡ್ಡ ಶೆಡ್ಡಿಗೆ ಪರಿಹಾರ, ಹಿತ್ತಲಿಗೆ ಸೊನ್ನೆ. ಬೇಗ ತಿಳಿಸಿದವಳಿಗೂ ಸೊನ್ನೆ, ಮುಚ್ಚಿಟ್ಟವಳಿಗೂ ಸೊನ್ನೆ. ಹಾಗಾದರೆ ಅವಳು ಯಾಕೆ ತಿಳಿಸಬೇಕು?

ತಿಳಿಸದಿದ್ದರೆ ಏನಾಗುತ್ತದೆ ಎಂಬುದನ್ನು ದೇಶ 2008ರಲ್ಲಿ ಕಂಡಿದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಹಿತ್ತಲಿನ ಕೋಳಿಗಳಿಗೆ ರೋಗ ಬಂತು. ಊರಿನ ಕೋಳಿಗೆ ಸರ್ಕಾರ ಕಟ್ಟಿದ ಬೆಲೆ 40 ರೂಪಾಯಿ, ಮರಿಗೆ 10. ಜನ ಏನು ಮಾಡಿದರು? ಕೋಳಿಯನ್ನು ಮಂಚದ ಕೆಳಗೆ ಮುಚ್ಚಿಟ್ಟರು, ರಾತ್ರಿ ಬೇರೆ ಊರಿನ ನೆಂಟರ ಮನೆಗೆ ದಾಟಿಸಿದರು, ಸಿಕ್ಕ ಬೆಲೆಗೆ ಮಾರಿದರು. ನೋಡನೋಡುತ್ತ ರೋಗ ಹದಿಮೂರು ಜಿಲ್ಲೆಗೆ ಹರಡಿತು, ಲಕ್ಷಗಟ್ಟಲೆ ಕೋಳಿ ಕೊಲ್ಲಬೇಕಾಯಿತು. 40 ರೂಪಾಯಿಯಲ್ಲಿ ಉಳಿಸಿದ್ದೆಷ್ಟು, ಕಳೆದುಕೊಂಡದ್ದೆಷ್ಟು? ಕೇರಳದಲ್ಲಿ 2021ರ ಜನವರಿಯಲ್ಲಿ ಎರಡು ತಿಂಗಳು ದಾಟಿದ ಹಕ್ಕಿಗೆ 200 ರೂಪಾಯಿ, ಸಣ್ಣದಕ್ಕೆ 100, ಮೊಟ್ಟೆಗೆ 5 ಎಂದು ಸಾರಿದರು. ಅದು 40ಕ್ಕಿಂತ ವಾಸಿ. ಆದರೂ ನೀವೇ ಹೇಳಿ, ಮೈ ತುಂಬಿದ ಜವಾರಿ ಹುಂಜವನ್ನು ಇವತ್ತು ಇನ್ನೂರಕ್ಕೆ ಯಾವ ಸಂತೆಯಲ್ಲಿ ಕೊಡುತ್ತಾರೆ?

ಇನ್ನೊಂದು ಮಾತು. ರೋಗ ಬಂದಾಗಲೆಲ್ಲ ಬೆರಳು ಮೊದಲು ಹಿತ್ತಲ ಕಡೆ ತಿರುಗುತ್ತದೆ. ಹಳ್ಳಿಯವರು ಕೋಳಿಯನ್ನು ಬಯಲಿಗೆ ಬಿಡುತ್ತಾರೆ, ಸ್ವಚ್ಛತೆ ಗೊತ್ತಿಲ್ಲ, ಇತ್ಯಾದಿ. ಸರಿ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವಲ್ಲ, ಅದು ಯಾರ ಹಿತ್ತಲು? ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ! 2025ರ ಫೆಬ್ರವರಿಯಲ್ಲಿ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿ ಸತ್ತವು. ಅದು ಸರ್ಕಾರಿ ಕೋಳಿ ಸಾಕಾಣಿಕೆ ಕೇಂದ್ರ. ಬೇಲಿ, ಬೀಗ, ಡಾಕ್ಟರು, ಔಷಧಿ ನೀರಿನ ತೊಟ್ಟಿ ಎಲ್ಲ ಇದ್ದ ಕಡೆಯೇ ರೋಗ ಹೊಕ್ಕಿತು. ಅದೇ ದಿನಗಳಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಮನೆಯ ಕೋಳಿಗಳಿಗೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ರೋಗ ಎಲ್ಲಿಗೂ ಬರುತ್ತದೆ ಎನ್ನುವುದಷ್ಟೇ ನನ್ನ ಮಾತು. ತಪ್ಪಿತಸ್ಥೆ ಎಂಬ ಹಣೆಪಟ್ಟಿ ಮಾತ್ರ ಹನ್ನೆರಡು ಕೋಳಿಯವಳಿಗೆ ಯಾಕೆ? 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿ, ಬಾತುಗಳಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲಿನವು. ಇಷ್ಟು ದೊಡ್ಡ ಆಸ್ತಿಯನ್ನು ಸಾಕುತ್ತಿರುವ ಹೆಂಗಸರನ್ನು ಯಾವ ಸಮಿತಿಯಲ್ಲಾದರೂ ಕೂರಿಸಿ ಮಾತು ಕೇಳಿದ್ದಾರೆಯೇ?

ಸರ್ಕಾರವನ್ನು ಬೈದದ್ದು ಆಯಿತು. ಈಗ ನಮ್ಮನ್ನೂ ಸ್ವಲ್ಪ ಬೈದುಕೊಳ್ಳೋಣ. ನಾನು ಸಾಚಾ ಅಲ್ಲ. ಹತ್ತು ವರ್ಷದ ಹಿಂದೆ ಒಂದು ಚಳಿಗಾಲ ನಮ್ಮ ಮನೆಯಲ್ಲಿ ಎರಡು ದಿನದಲ್ಲಿ ಒಂಬತ್ತು ಕೋಳಿ ಸತ್ತವು. "ಕೊಕ್ಕರೆ ರೋಗ ಬಿಡೋ, ವರ್ಷಾ ಬರ್ತೈತಿ" ಅಂದಳು ಅವ್ವ. ಪಶು ಆಸ್ಪತ್ರೆಗೆ ಹೋಗಿ ಹೇಳಿದರೆ, "ಎಮ್ಮೀದ ಏನರ ಇದ್ರ ಹೇಳ್ರಿ, ಕೋಳಿಗ್ಯಾಕ ಡಾಕ್ಟರು?" ಎಂದು ಅಲ್ಲಿಯವರು ನಕ್ಕರು. ಸತ್ತವನ್ನು ಹಳ್ಳಕ್ಕೆ ಎಸೆದೆ. ಉಳಿದ ಐದನ್ನು ಸಾಯುವ ಮೊದಲು ಮಾರಿ ಬರೋಣ ಎಂದು ಸಂತೆಗೆ ಒಯ್ದೆ. ಮಾರಿದೆ. ಯಾರು ಕೊಂಡರೋ, ಎಲ್ಲಿಗೆ ಒಯ್ದರೋ ಗೊತ್ತಿಲ್ಲ. ಅದು ಯಾವ ರೋಗವಾಗಿತ್ತು ಎಂಬುದೂ ಗೊತ್ತಾಗಲಿಲ್ಲ. ಆ ಹಳ್ಳದ ಕೆಳಗೆ ನಾಲ್ಕು ಮನೆಗಳಿದ್ದವು, ಅವರ ಮಕ್ಕಳು ಅದೇ ನೀರಿನಲ್ಲಿ ಆಡುತ್ತಿದ್ದವು. ಈಗ ನೆನೆದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ನಗಬೇಡಿ, ನೀವೂ ಇದನ್ನೇ ಮಾಡುವವರು. ಇದು ಕೋಳಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. 2025ರ ಮಾರ್ಚಿಯಲ್ಲಿ ಆಂಧ್ರದಲ್ಲಿ ಎರಡು ವರ್ಷದ ಕೂಸೊಂದು ಈ ರೋಗದಿಂದ ತೀರಿಕೊಂಡಿತು, ಹಸಿ ಕೋಳಿ ಮಾಂಸದ ಚೂರು ತಿಂದಿತ್ತಂತೆ. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಿಂದ ರೋಗ ಬರುವುದಿಲ್ಲ, 70 ಡಿಗ್ರಿ ಕಾವಿಗೆ ವೈರಸ್ ಸಾಯುತ್ತದೆ. ಅಪಾಯ ಇರುವುದು ಕೊಯ್ಯುವಾಗ, ಪುಕ್ಕ ಕೀಳುವಾಗ, ಸತ್ತದ್ದನ್ನು ಬರಿಗೈಯಲ್ಲಿ ಹಿಡಿದಾಗ. ಆ ಕೆಲಸ ಮಾಡುವವರೂ ಹೆಂಗಸರು, ಮಕ್ಕಳೇ.

ಇನ್ನು "ನಾನು ಗೋವಿನಜೋಳ ಬೆಳೆಯುವವ, ಕೋಳಿಯ ಗೊಡವೆ ನನಗ್ಯಾಕ" ಎನ್ನುವ ಗೌಡರಿಗೆ ಒಂದು ಪ್ರಶ್ನೆ. ನಿಮ್ಮ ಗೋವಿನಜೋಳ ತಿನ್ನುವವರು ಯಾರು? 2020ರ ಮಾರ್ಚಿಯಲ್ಲಿ ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿ, ಮೈಸೂರಿನಲ್ಲಿ ಹಕ್ಕಿಜ್ವರ ಕಾಣಿಸಿತು. ಅದರ ಜೊತೆಗೆ ಕೋಳಿ ತಿಂದರೆ ಕೊರೋನಾ ಬರುತ್ತದೆ ಎಂಬ ಸುಳ್ಳು ಸುದ್ದಿ. ಕೋಳಿ ಬೆಲೆ ನೆಲ ಕಚ್ಚಿ, ಗೋಕಾಕ ತಾಲೂಕಿನ ರೈತನೊಬ್ಬ ಸಾವಿರಾರು ಕೋಳಿಗಳನ್ನು ಗುಂಡಿ ತೋಡಿ ಜೀವಂತ ಮುಚ್ಚಿದ. ಕೋಳಿ ಹೋದರೆ ಕಾಳು ಕೊಳ್ಳುವವನಿಲ್ಲ. ಶೆಡ್ಡು ಕಟ್ಟಿಕೊಂಡು ಕಂಪನಿಯ ಕೋಳಿ ಸಾಕುವವರ ಪಾಡಂತೂ ಹೇಳತೀರದು: ಮರಿ ಕಂಪನಿಯದು, ಆಹಾರ ಕಂಪನಿಯದು, ಶೆಡ್ಡಿನ ಸಾಲ ಮಾತ್ರ ನಿಮ್ಮದು. ರೋಗದ ವಲಯದಲ್ಲಿ ಶೆಡ್ಡು ತಿಂಗಳುಗಟ್ಟಲೆ ಖಾಲಿ ಬಿದ್ದರೂ ಬ್ಯಾಂಕಿನ ಬಡ್ಡಿ ಖಾಲಿ ಇರುವುದಿಲ್ಲ.

ಅದಕ್ಕೇ ಕಾಯುವ ಕೆಲಸ ನಮ್ಮ ಅಂಗಳದಿಂದ ಶುರುವಾಗಬೇಕು. ನಾವು ಮೊದಲು ತಡೆಯಬೇಕಾದದ್ದು ಗೊಬ್ಬರದ ಲಾರಿಯನ್ನು. ಶುಂಠಿಗೆ, ಅಡಿಕೆಗೆ, ಕಬ್ಬಿಗೆ ಎಂದು ಎಲ್ಲಿಂದಲೋ ಶೆಡ್ಡಿನ ಕೋಳಿಗೊಬ್ಬರ ತರಿಸಿ ಹೊಲದ ಬದಿಗೆ ಸುರಿಸುತ್ತೇವೆ, ಅದರ ಮೇಲೆ ನಮ್ಮದೇ ಕೋಳಿಗಳು ಕೆದರುತ್ತವೆ. ರೋಗಪಟ್ಟ ಹಕ್ಕಿಯ ಹಿಕ್ಕೆಯಲ್ಲಿ ವೈರಸ್ ಇರುತ್ತದೆ, ತಂಪಿನಲ್ಲಿ ಬಹಳ ದಿನ ಬದುಕುತ್ತದೆ. ಎಲ್ಲಿಯಾದರೂ ರೋಗದ ಸುದ್ದಿ ಬಂದಿದೆ ಎಂದರೆ ಆ ಲಾರಿ ಊರೊಳಗೆ ಬರಕೂಡದು, ಮೊಟ್ಟೆಯ ಹಳೇ ತಟ್ಟೆಗಳೂ ಬರಕೂಡದು. ಶೆಡ್ಡಿಗೆ ಕೂಲಿಗೆ ಹೋದವರು ಬಟ್ಟೆ, ಚಪ್ಪಲಿ ಬದಲಿಸಿಯೇ ಗೂಡಿನ ಹತ್ತಿರ ಹೋಗಬೇಕು. ಸಂತೆಯಿಂದ, ಜಾತ್ರೆಯಿಂದ ತಂದ ಹರಕೆಯ ಹುಂಜವನ್ನು ಅದೇ ಸಂಜೆ ಮನೆಯ ಕೋಳಿಗಳ ಜೊತೆ ಬಿಡಬೇಡಿ, ಎರಡು ಮೂರು ವಾರ ಬೇರೆ ಬುಟ್ಟಿಯಲ್ಲಿರಲಿ. ಕಾಳು, ನೀರು ಬಯಲಿನಲ್ಲಿ ಚೆಲ್ಲದೆ ಮಾಡಿನ ಕೆಳಗೆ ಇಡಿ, ಕಾಗೆ ಕೊಕ್ಕರೆಗಳ ಜೊತೆ ಪಂಕ್ತಿ ಊಟ ಬೇಡ. ಮುಂಡಗೋಡ ತಾಲೂಕಿನ ಅತ್ತಿವೇರಿ ಕೆರೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಅವು ಬಂದದ್ದು ತಪ್ಪಲ್ಲ, ನಮ್ಮ ಬಾತುಕೋಳಿಗಳನ್ನು ಅದೇ ನೀರಿಗೆ ಬಿಡುವುದು ತಪ್ಪು. ಬಾತುಕೋಳಿ ತಾನು ಸಾಯದೆಯೂ ರೋಗ ಹೊತ್ತು ತರಬಲ್ಲದು.

ಕೊಕ್ಕರೆ ರೋಗದ, ಅಂದರೆ ರಾಣಿಖೇತದ ಲಸಿಕೆಯನ್ನು ತಪ್ಪದೆ ಹಾಕಿಸಿ. ಅದು ಹಕ್ಕಿಜ್ವರವನ್ನು ತಡೆಯುವುದಿಲ್ಲ, ಆದರೆ ಲಸಿಕೆ ಹಾಕಿದ ಕೋಳಿಗಳು ಸಾಲಾಗಿ ಸತ್ತರೆ "ವರ್ಷಾ ಬರ್ತೈತಿ" ಎಂಬ ಮಾತಿಗೆ ಜಾಗವಿರುವುದಿಲ್ಲ. ತಲೆ ಊದಿ, ಜುಟ್ಟು ನೀಲಿಗಟ್ಟಿ, ಮೊಟ್ಟೆ ನಿಂತು, ಇದ್ದಕ್ಕಿದ್ದಂತೆ ಸಾಯತೊಡಗಿದರೆ ಅವತ್ತೇ 1962ಕ್ಕೆ ಫೋನು ಮಾಡಿ, ಪಂಚಾಯತಿಗೂ ಬರೆದು ಕೊಡಿ. 2009ರ ಕಾಯಿದೆಯ ಪ್ರಕಾರ ತಿಳಿಸುವುದು ನಮ್ಮ ಹೊಣೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸತ್ತದ್ದನ್ನು ಎರಡು ಚೀಲದಲ್ಲಿ ಬಿಗಿದು ನಾಯಿಗೆ ಸಿಗದಂತೆ ಇಡಿ. ದಿನ, ಸಂಖ್ಯೆ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮಾದರಿ ಒಯ್ದ ಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಉಳಿದವನ್ನು ಸಂತೆಗೆ ಒಯ್ಯಬೇಡಿ. ಮುಟ್ಟಿದವರಿಗೆ ಜ್ವರ ಬಂದರೆ ಡಾಕ್ಟರಿಗೆ ಕೋಳಿಯ ಸಂಗತಿಯನ್ನೇ ಮೊದಲು ಹೇಳಿ.

ಇಷ್ಟು ಮಾಡಿದವಳಿಗೆ ಸರ್ಕಾರ ಏನು ಕೊಡಬೇಕು? ತಿಳಿಸಿದ ದಿನದಿಂದ ಸತ್ತ ಪ್ರತಿ ಕೋಳಿಯೂ ಪರಿಹಾರದ ಲೆಕ್ಕಕ್ಕೆ ಬರಬೇಕು. ಭೋಪಾಲದ ಉತ್ತರ ಬಂದ ದಿನದಿಂದ ಅಲ್ಲ, ಅವಳು ಫೋನು ಮಾಡಿದ ದಿನದಿಂದ. ಬೆಲೆ ಸಂತೆಯ ಜವಾರಿ ಬೆಲೆಯಾಗಿರಬೇಕು, ಬಾಯ್ಲರ್ ಬೆಲೆಯಲ್ಲ. ಕಾವು ಕೂತ ಕೋಳಿಯ ಕೆಳಗಿನ ಮೊಟ್ಟೆಗೂ ಬೆಲೆ. ಹಣ ಅವಳ ಹೆಸರಿಗೆ, ಕೋಳಿ ಒಯ್ದ ವಾರದಲ್ಲೇ. ವಲಯ ತೆರವಾದ ಮೇಲೆ ಲಸಿಕೆ ಹಾಕಿದ ಮರಿಗಳನ್ನು ಪುಕ್ಕಟೆ ಕೊಡಬೇಕು. ಇದೇನು ದಾನವಲ್ಲ. ಊರಿನ, ಶೆಡ್ಡಿನ, ಪಟ್ಟಣದ ಎಲ್ಲರ ಕ್ಷೇಮಕ್ಕಾಗಿ ಅವಳ ಗೂಡನ್ನು ಬರಿದು ಮಾಡುತ್ತೀರಿ, ಅದರ ಬೆಲೆ ಎಲ್ಲರೂ ಸೇರಿ ಕೊಡಬೇಕಾದ ಬಾಕಿ.

1980ರ ದಶಕದಲ್ಲಿ ಅನುಮತಿಯಿಲ್ಲದೆ ಅಧಿಕಾರಿಗಳು ಊರಿಗೆ ಬರಬಾರದೆಂದು ರೈತರು ಹಳ್ಳಿಯ ಬಾಗಿಲಿಗೆ ಫಲಕ ಹಾಕಿದ್ದರು. ಕೋಳಿ ಡಾಕ್ಟರರಿಗೆ ಆ ಫಲಕ ತೋರಿಸಬೇಡಿ, ಅವರನ್ನು ತಡೆದರೆ ಸಾಯುವುದು ನಮ್ಮದೇ. ಬರಲಿ, ಆದರೆ ದರದ ಪಟ್ಟಿ ಹಿಡಿದು ಬರಲಿ, ಒಯ್ದ ಕೋಳಿಗೆ ಸಹಿ ಹಾಕಿದ ಚೀಟಿ ಕೊಟ್ಟು ಹೋಗಲಿ.

ಚೀಟಿ ಕೇಳಬೇಕಾದರೆ ನಮ್ಮ ಹತ್ತಿರ ಮೊದಲು ಎಣಿಕೆ ಇರಬೇಕು. ಮನೆಯಾಕೆಯ ಹೆಸರು, ಹುಂಜ ಎಷ್ಟು, ಮೊಟ್ಟೆ ಇಡುವವು ಎಷ್ಟು, ಮರಿ ಎಷ್ಟು, ಲಸಿಕೆ ಹಾಕಿಸಿದ ದಿನ, ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಕೇರಿ ಕೇರಿಗೆ ಹೋಗಿ ಬರೆದುಕೊಳ್ಳಿ. ನಿಮ್ಮ ಓಣಿಯಷ್ಟೇ ಅಲ್ಲ, ನಿಮ್ಮ ಹೊಲಕ್ಕೆ ಕೂಲಿಗೆ ಬರುವ ಸಿದ್ದಿ, ಗೌಳಿ, ಕುಣಬಿ ಮನೆಗಳನ್ನೂ ಬರೆಯಿರಿ, ಅವರ ಕೋಳಿ ಮೇಯುವುದೂ ನಿಮ್ಮ ಕಣದಲ್ಲೇ. ಪಶುಸಖಿ ಇದ್ದರೆ ಅವರನ್ನು ಕರೆದುಕೊಂಡು ಹೋಗಿ. ಬರೆದದ್ದರ ಒಂದು ಪ್ರತಿಗೆ ಪಂಚಾಯತಿಯ ಮೊಹರು ಹಾಕಿಸಿ ಮನೆಯಲ್ಲಿಡಿ. ಮುಂದಿನ ಗ್ರಾಮಸಭೆಯಲ್ಲಿ, ಸತ್ತ ಕೋಳಿಗೂ ಪರಿಹಾರ ಬೇಕೆಂಬ ಠರಾವನ್ನು ಆ ಹೆಂಗಸರ ಕೈಯಿಂದಲೇ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳಿ.