ನಕ್ಷಾಸ್ವಾತಂತ್ರ್ಯವೂ ನಕ್ಷಾವಿದ್ಯೆಯೂ

೨೦೨೧ನೆಯ ಇಸವಿ ಫೆಬ್ರವರಿ ೧೫ರಂದು ಭಾರತ ಸರಕಾರವು ಹೊರಡಿಸಿದ ಮಾರ್ಗಸೂಚಿಯು ನಮ್ಮ ದೇಶದ ನಕ್ಷೆಗಳಿಗೆ ಇದ್ದ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಅದಕ್ಕೆ ಮುಂಚೆ, ನೆಲವನ್ನಳೆದು ನಕ್ಷೆಯನ್ನು ರಚಿಸಿ ಪ್ರಕಟಿಸಬೇಕೆಂಬವನು ಅನುಮತಿಗಾಗಿ ಸರಕಾರದ ಬಾಗಿಲನ್ನು ಕಾಯಬೇಕಾಗಿದ್ದಿತು. ಈಗ ಭಾರತೀಯರಿಗೆ ಪೂರ್ವಾನುಮತಿಯ ಅಗತ್ಯವಿಲ್ಲ. ಸಮತಲದಲ್ಲಿ ಒಂದು ಮೀಟರಿಗಿಂತಲೂ ಎತ್ತರದಲ್ಲಿ ಮೂರು ಮೀಟರಿಗಿಂತಲೂ ಸೂಕ್ಷ್ಮವಾದ ಅಳತೆಗಳನ್ನು ಹೊಂದುವ ಹಕ್ಕೂ ಭಾರತೀಯ ಸಂಸ್ಥೆಗಳಿಗೇ ಮೀಸಲಾಗಿರುವುದು. ೨೦೨೨ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂಸ್ಥಾನಿಕ ನೀತಿಯೂ ಪ್ರಕಟವಾಯಿತು. ಹಕ್ಕು ದೊರೆತುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಹಕ್ಕನ್ನು ಉಪಯೋಗಿಸಬಲ್ಲ ವಿದ್ಯೆಯು ನಮ್ಮ ಜನರಿಗೆ ದೊರೆತಿರುವುದೆ ಎಂಬುದನ್ನು ವಿಚಾರಿಸಬೇಕಾಗಿದೆ.

ನಕ್ಷೆಯು ಯಾರ ಕೈಯಲ್ಲಿರುವುದೆಂಬುದು ಅಲ್ಪ ವಿಷಯವಲ್ಲವೆಂದು ನಮ್ಮ ಚರಿತ್ರೆಯೇ ಹೇಳುವುದು. ಭಾರತ ಸರ್ವೇಕ್ಷಣ ಇಲಾಖೆಯು ಹುಟ್ಟಿದುದು ೧೭೬೭ರಲ್ಲಿ, ಕಂಪೆನಿಯ ಆಡಳಿತದ ಸಾಧನವಾಗಿ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದೊಡನೆಯೇ ಮೈಸೂರು ಸೀಮೆಯನ್ನು ಅಳೆಯುವ ಕಾರ್ಯವು ಕಾಲಿನ್ ಮೆಕೆಂಜಿಗೆ ಒಪ್ಪಿಸಲ್ಪಟ್ಟಿತು. ೧೮೦೨ರಲ್ಲಿ ಲ್ಯಾಂಬ್ಟನ್ನನು ಮದರಾಸಿನ ಬಳಿ ತ್ರಿಕೋಣಮಾಪನದ ಆಧಾರರೇಖೆಯನ್ನು ಎಳೆದನು. ಮುಂದೆ ಹಿಮಾಲಯದ ಅತ್ಯುನ್ನತ ಶಿಖರದ ಲೆಕ್ಕಕ್ಕೆ ರಾಧಾನಾಥ ಸಿಕ್ದಾರರ ಗಣಿತವು ಬೇಕಾಯಿತು. ಶಿಖರಕ್ಕೆ ೧೮೬೫ರಲ್ಲಿ ಬಂದ ಹೆಸರು ಮಾತ್ರ ಎವರೆಸ್ಟನದು. ನೆಲ ನಮ್ಮದು, ದುಡಿಮೆಯಲ್ಲಿಯೂ ಪಾಲು ನಮ್ಮದು, ನಕ್ಷೆ ಪರರದು ಎಂಬಂತಾಯಿತು. ಸ್ವಾತಂತ್ರ್ಯಾನಂತರವೂ ನಕ್ಷೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಅಭ್ಯಾಸವು ಬಹುಕಾಲ ಬಿಡಲಿಲ್ಲ.

ಇಂದು ಉಪಕರಣಗಳ ಅಭಾವವೆಂದು ಯಾರೂ ಹೇಳುವಂತಿಲ್ಲ. ೨೦೦೨ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬ ತಂತ್ರಾಂಶದಲ್ಲಿ ಯಾರು ಬೇಕಾದರೂ ಬಿಡಿಗಾಸಿಲ್ಲದೆ ನಕ್ಷೆಯನ್ನು ರಚಿಸಬಹುದು. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಜನರೇ ಸೇರಿ ಕಟ್ಟುತ್ತಿರುವ ಜಗತ್ತಿನ ನಕ್ಷೆ. ಯುಕ್ರೇನಿನ ತರುಣನೊಬ್ಬನು ೨೦೧೧ರಲ್ಲಿ ಹೊರತಂದ ಲೀಫ್ಲೆಟ್ ಎಂಬ ಸಣ್ಣ ಸಾಧನದಿಂದ ಆ ನಕ್ಷೆಯನ್ನು ಅಂತರ್ಜಾಲದಲ್ಲಿ ಪ್ರಕಟಿಸಲೂ ಬರುವುದು. ಅಂತರ್ಜಾಲದ ನಕ್ಷೆಯು ಒಂದೇ ಹಾಳೆಯಲ್ಲ. ಸಣ್ಣ ಸಣ್ಣ ಚೌಕದ ಬಿಲ್ಲೆಗಳನ್ನು ಜೋಡಿಸಿದ ಹಾಸು. ನೋಡುವವನು ಒಂದೊಂದು ಮೆಟ್ಟಿಲು ಹತ್ತಿರಕ್ಕೆ ಹೋದಂತೆ ಬಿಲ್ಲೆಗಳ ಸಂಖ್ಯೆ ನಾಲ್ಕುಪಟ್ಟಾಗುವುದು. ಈ ಹಾಸಿನ ಮೇಲೆ ರಸ್ತೆ, ಕೆರೆ, ಶಾಲೆ ಮುಂತಾದುವನ್ನು ಪದರಪದರವಾಗಿ ಹೊದಿಸುವರು. ಇಷ್ಟನ್ನು ಶ್ರದ್ಧಾವಂತನಾದ ವಿದ್ಯಾರ್ಥಿಯು ಕೆಲವು ವಾರಗಳಲ್ಲಿ ಕಲಿಯಬಲ್ಲನು.

ಆದರೆ ಗುಂಡಿಯೊತ್ತುವುದು ಬೇರೆ, ವಿವೇಕವು ಬೇರೆ. ಜಿಲ್ಲಾವಾರು ರೋಗಿಗಳ ಸಂಖ್ಯೆಗೆ ತಕ್ಕಂತೆ ಬಣ್ಣ ಬಳಿದರೆ ಬೆಂಗಳೂರು ನಗರ ಜಿಲ್ಲೆಯೇ ಸಾಮಾನ್ಯವಾಗಿ ಅತ್ಯಂತ ಗಾಢವಾಗಿ ಕಾಣುವುದು. ಏಕೆಂದರೆ ೨೦೧೧ರ ಜನಗಣತಿಯಂತೆ ಅಲ್ಲಿದ್ದವರು ಸುಮಾರು ೯೬ ಲಕ್ಷ. ಕೊಡಗಿನಲ್ಲಿದ್ದವರು ಐದೂವರೆ ಲಕ್ಷ. ಲಕ್ಷ ಜನರಿಗೆ ಎಷ್ಟೆಂದು ಲೆಕ್ಕ ಹಾಕದ ನಕ್ಷೆಯು ರೋಗವನ್ನು ತೋರಿಸದೆ ಜನಸಂಖ್ಯೆಯನ್ನೇ ತೋರಿಸುವುದು. ಅದನ್ನು ನಂಬಿದ ಅಧಿಕಾರಿಯು ಔಷಧವನ್ನು ತಪ್ಪು ಊರಿಗೆ ಕಳುಹಿಸುವನು. ಮತ್ತೊಂದು ಉದಾಹರಣೆ: ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರ್ಪಟ್ಟಿತು. ಅದರ ಹರಪನಹಳ್ಳಿ ತಾಲ್ಲೂಕು ೨೦೧೧ರ ಗಣತಿಯ ಕಾಲದಲ್ಲಿ ದಾವಣಗೆರೆ ಜಿಲ್ಲೆಯಲ್ಲಿದ್ದಿತು. ಹಳೆಯ ಅಂಕಿಗಳನ್ನು ಹೊಸ ಗಡಿಗಳ ಮೇಲೆ ಹಾಗೆಯೇ ಇಟ್ಟರೆ ಮೂರು ಜಿಲ್ಲೆಗಳ ಲೆಕ್ಕವೂ ಕೆಡುವುದು.

ದೇಶದ ಗಡಿಯ ವಿಷಯದಲ್ಲಂತೂ ಅಜಾಗ್ರತೆಗೆ ಎಡೆಯೇ ಇಲ್ಲ. ಪರದೇಶದ ಸಂಸ್ಥೆಗಳು ಒದಗಿಸುವ ಬಿಲ್ಲೆಗಳಲ್ಲಿ ಜಮ್ಮು ಕಾಶ್ಮೀರದ ರೇಖೆಯು ಅನೇಕ ವೇಳೆ ನಮ್ಮ ಅಧಿಕೃತ ನಕ್ಷೆಯಂತೆ ಇರುವುದಿಲ್ಲ. ಸರ್ವೇಕ್ಷಣ ಇಲಾಖೆಯ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸುವುದು, ೧೯೯೦ರಲ್ಲಿ ತಿದ್ದುಪಡಿಯಾದ ೧೯೬೧ರ ಶಾಸನದ ಮೇರೆಗೆ ದಂಡನಾರ್ಹವು. ಕಲಿಯುವವನು ಮೊದಲ ದಿನವೇ ಅರಿಯಬೇಕಾದ ಪಾಠವಿದು.

ಇನ್ನು ಊರ ಹೆಸರುಗಳ ಪಾಡನ್ನು ನೋಡೋಣ. ಇಂಗ್ಲಿಷ್ ಲಿಪಿಯಲ್ಲಿ ಬರೆದುದನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದಾಗ ‘ಹಳ್ಳಿ’ಯು ‘ಹಲ್ಲಿ’ಯಾಗುವುದುಂಟು. ಇದು ನಗೆಯ ಮಾತಲ್ಲ. ತನ್ನ ಊರನ್ನು ತನ್ನ ನುಡಿಯಲ್ಲಿ ಹುಡುಕುವ ರೈತನಿಗೆ ಅದು ಸಿಕ್ಕದೆ ಹೋಗುವುದು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತಿಯೊಂದು ಊರಿಗೂ ಕನ್ನಡದ ಹೆಸರನ್ನು ಬೇರೆಯಾಗಿ ಬರೆಯಲು ಸ್ಥಳವಿರುವುದು. ಅದನ್ನು ಶುದ್ಧವಾಗಿ ತುಂಬಬೇಕಾದವರು ನಾವೇ ಹೊರತು ಬೇರೆ ಯಾರೂ ಅಲ್ಲ.

ನಕ್ಷೆಯು ಬಹಿರಂಗವಾದರೆ ಆಗುವ ಪ್ರಯೋಜನಕ್ಕೆ ದೃಷ್ಟಾಂತವು ನಮ್ಮಲ್ಲಿಯೇ ಇರುವುದು. ಕರ್ನಾಟಕದ ದೂರಸಂವೇದಿ ಕೇಂದ್ರವು ಸಿದ್ಧಪಡಿಸಿದ ದಿಶಾಂಕ್ ಎಂಬ ಸಾಧನದಿಂದ, ನಿಂತ ನೆಲದ ಸರ್ವೆ ನಂಬರನ್ನು ಸಾಮಾನ್ಯನೂ ತನ್ನ ಮೊಬೈಲಿನಲ್ಲಿ ಕಾಣಬಹುದು. ಜಾಗ ಕೊಳ್ಳುವ ಮುನ್ನ ಅಲ್ಲಿ ರಾಜಕಾಲುವೆ ಇದ್ದಿತೆ, ಕೆರೆಯಂಗಳವೆ ಎಂದು ವಿಚಾರಿಸುವ ದಾರಿಯು ಇದರಿಂದ ಸುಗಮವಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ನೀರಿನಲ್ಲಿ ನಿಂತುದನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಎರಡು. ಮೊದಲನೆಯದು ಅಧಿಕಾರಿವರ್ಗಕ್ಕೆ: ಕಚೇರಿಗಳಲ್ಲಿರುವ ಸಾರ್ವಜನಿಕ ನಕ್ಷೆಗಳನ್ನು ಬರಿಯ ಚಿತ್ರಗಳಾಗಿ ಕೊಡದೆ, ಅಳೆಯಲೂ ಜೋಡಿಸಲೂ ಬರುವ ರೂಪದಲ್ಲಿ, ತಯಾರಾದ ತಾರೀಖನ್ನೂ ಆಧಾರವನ್ನೂ ಕಾಣಿಸಿ ಪ್ರಕಟಿಸತಕ್ಕದ್ದು. ಎರಡನೆಯದು ವಿದ್ಯಾಸಂಸ್ಥೆಗಳಿಗೆ: ಭೂಗೋಳವನ್ನು ಬಾಯಿಪಾಠ ಮಾಡಿಸುವ ಬದಲು, ಪ್ರತಿಯೊಂದು ತಾಲ್ಲೂಕಿನ ಕಾಲೇಜೂ ತನ್ನ ತಾಲ್ಲೂಕಿನ ಕೆರೆಕಾಲುವೆಗಳ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಬರೆಯಿಸಿ ಅಂತರ್ಜಾಲದಲ್ಲಿ ಇಡಲಿ. ಇದಕ್ಕೆ ಬೇಕಾದುದು ದೊಡ್ಡ ಅನುದಾನವಲ್ಲ; ಒಂದೆರಡು ಗಣಕಯಂತ್ರ, ಒಬ್ಬ ಉತ್ಸಾಹಿಯಾದ ಅಧ್ಯಾಪಕ, ಕಂದಾಯ ಕಚೇರಿಯ ಸ್ವಲ್ಪ ಸಹಕಾರ. ಈ ಕೆಲಸವನ್ನು ನಾವು ಮಾಡದೆ ಹೋದರೆ ನಮ್ಮ ನೆಲದ ನಕ್ಷೆಯನ್ನು ಬೇರೊಬ್ಬರು ತಮ್ಮ ಪ್ರಯೋಜನಕ್ಕಾಗಿ ಬರೆಯುವರು. ನಾವು ಹಿಂದಿನಂತೆ ಅದನ್ನು ಅವರಿಂದ ಕೇಳಿ ಪಡೆಯಬೇಕಾದೀತು.