ಗಾಡಿ ಲೈಟ್ ಗಂಡಸರ ಕೆಲಸ ಅಂತ ಯಾರು ಹೇಳಿದ್ರು?

ಸಂಕ್ರಾಂತಿ ಕುಸುರೆಳ್ಳು ಕೊಡ್ಲಿಕ್ಕೆ ಹೋದಾಗ ನಮ್ಮ ಓಣ್ಯಾಗಿನ ಕಾಕು ಒಬ್ಬರು ನನ್ನ ಕೈ ಹಿಡಿದು ನೋಡಿ, "ಏನವಾ ಇದು, ಉಗುರಿನ್ಯಾಗ ಇಷ್ಟು ಕರಿ?" ಅಂದ್ರು. "ಕಾರಿನ ಹೆಡ್‌ಲೈಟ್ ರಿಪೇರಿ ಮಾಡಿದೆ ಕಾಕು, ಇನ್ನೂ ಹೋಗವಲ್ದು" ಅಂದೆ. ಕೂತವರೆಲ್ಲಾ ನಕ್ಕರು. ಒಬ್ಬಾಕಿ ಅಂತೂ "ಯಾಕ, ಮನ್ಯಾಗ ಗಂಡಸರಿಲ್ಲೇನ?" ಅಂತ ಕೇಳೇ ಬಿಟ್ಲು. ಹಬ್ಬದ ದಿನ ಜಗಳ ಬ್ಯಾಡ ಅಂತ ನಾನೂ ನಕ್ಕು ಸುಮ್ಮನಾದೆ. ಮನಿಗೆ ಬಂದ ಮ್ಯಾಲೆ ಆ ಮಾತು ಹೊಟ್ಟ್ಯಾಗ ಕೂತುಬಿಟ್ತು. ಅದರ ಉತ್ತರ ಇಲ್ಲೆ ಬರೀಲಿಕ್ಕತ್ತೇನಿ.

ಇದ್ದಾರ್ರೀ. ಇಬ್ಬರಿದ್ದಾರ, ನಮ್ಮನಿಯವರು ಮತ್ತ ಮಗ. ಹದಿನೆಂಟು ವರ್ಷದ ನಮ್ಮ ಸಣ್ಣ ಕಾರಿನ ಎಡಗಡೆ ಲೈಟ್ ಮಂದ ಆಗೇದ ಅಂತ ಇಬ್ಬರಿಗೂ ದಸರಾದಿಂದನ ಗೊತ್ತಿತ್ತು. "ಈ ರವಿವಾರ ನೋಡೋಣು" ಅಂತ ಅವರು, "ಅಪ್ಪ ನೋಡ್ತಾರ" ಅಂತ ಇಂವಾ. ಹಿಂಗ ಎಂಟು ರವಿವಾರ ಹೋದ್ವು. ನನಗೂ ಗೊತ್ತಿತ್ತು. "ನಮಗ್ಯಾಕ ಆ ಉಸಾಬರಿ" ಅಂತ ನಾನೂ ಸುಮ್ಮನಿದ್ದೆ.

ಡಿಸೆಂಬರ್‌ದಾಗ ಬೈಲಹೊಂಗಲಕ್ಕ ತಂಗಿ ಮಗಳ ಕುಬಸಕ್ಕ ಹೋಗಿ, ರಾತ್ರಿ ಧಾರವಾಡಕ್ಕ ವಾಪಸ್ ಬರ್ಲಿಕ್ಕತ್ತಿದ್ವಿ. ಹಿಂದಿನ ಸೀಟಿನ್ಯಾಗ ನಮ್ಮತ್ತಿ, ಅವರ ತೊಡಿ ಮ್ಯಾಲೆ ನನ್ನ ಮೊಮ್ಮಗಳು ಮಲಗಿದ್ಲು. ಎದುರಿಗೆ ಒಂದು ಲಾರಿ ಹೈ ಬೀಮ್ ಹಾಕ್ಕೊಂಡು ಬಂತು. ಅದು ದಾಟಿದ ಮ್ಯಾಲೆ ಒಂದೆರಡು ಕ್ಷಣ ಕಣ್ಣಿಗೆ ಬರೇ ಕತ್ತಲಿ. ಆ ಕತ್ತಲ್ಯಾಗ, ರಸ್ತಾದ ಎಡಕ್ಕ, ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಎರಡು ಟ್ರೇಲರ್. ಹಿಂದ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬು ಹೊರಗ ಚಾಚಿಕೊಂಡಿತ್ತು. ಇವರು ಬ್ರೇಕ್ ಒತ್ತಿದ್ರು. ಕಬ್ಬಿನ ತುದಿ ಗಾಜಿಗೆ ಬಡಿದು ಗಾಡಿ ನಿಂತ್ತು. ಅತ್ತಿ ಒಂದು ಮಾತೂ ಆಡ್ಲಿಲ್ಲ. ಕೂಸಿನ ತಲಿ ಎದಿಗೆ ಒತ್ತಿ ಹಿಡಕೊಂಡು ಕೂತಿದ್ರು. ಮನಿ ಬಂದ್ರೂ ಅವರ ಕೈ ನಡುಗೂದು ನಿಂತಿರ್ಲಿಲ್ಲ.

ಟ್ರ್ಯಾಕ್ಟರಿನವಂದು ತಪ್ಪು, ಲಾರಿಯವಂದೂ ತಪ್ಪು. ಒಪ್ತೇನಿ. ಆದ್ರ ಎಡಗಡೆ ಲೈಟ್ ನಮ್ಮದು. ಅದು ಸರಿ ಇದ್ದಿದ್ರ ಆ ಟ್ರೇಲರ್ ಇನ್ನಷ್ಟು ದೂರದಿಂದ ಕಾಣ್ತಿತ್ತು. ಅವತ್ತು ನನಗ ತಿಳಿದದ್ದು ಇಷ್ಟ: ನಮ್ಮ ಮನಿಗಳೊಳಗ "ಗಂಡಸರ ಕೆಲಸ" ಅಂದ್ರ ಭಾಳ ಸಲ ಯಾರೂ ಮಾಡದ ಕೆಲಸ. ಅಪಘಾತ ಆದ್ರ ಹೆಂಗಸು ಯಾರು, ಗಂಡಸು ಯಾರು ಅಂತ ಅದು ಕೇಳೂದಿಲ್ಲ.

ಮರುದಿನ ಇವರು ಗಾಡಿ ಗ್ಯಾರೇಜಿಗೆ ಒಯ್ದ್ರು, ನಾನೂ ಹೋದೆ. ಆ ಮನಷ್ಯಾ ಬಾನೆಟ್ ಸುದ್ದಾ ಎತ್ತಲಿಲ್ಲ. "ಹಳೇ ಗಾಡಿ ನೋಡ್ರಿ, ಎರಡೂ ಕಡೆ ಪೂರಾ ಅಸೆಂಬ್ಲಿ ಬದಲಿಸಿ ಎಲ್‌ಇಡಿ ಹಾಕೋಣು, 5,600 ಆಗ್ತದ" ಅಂದಾ. ಇವರು ತಲಿ ಹಾಕ್ಲಿಕ್ಕತ್ರು. ನಾ ಅಂದೆ, "ಏನು ಕೆಟ್ಟದ ಅಂತ ನೋಡದ ಏನು ಬದಲಿಸ್ತೀರಿ?" ಅವನ ಕಡೆ ಉತ್ತರ ಇರ್ಲಿಲ್ಲ. ಗಾಡಿ ಮನಿಗೆ ತಂದ್ವಿ.

ಈಗ ನಿಮಗೊಂದು ಪ್ರಶ್ನಿ. ಕುಕ್ಕರ್ ಸೀಟಿ ಹೊಡೀಲಿಲ್ಲ ಅಂದ್ರ ಹೊಸಾ ಕುಕ್ಕರ್ ತರ್ತೀರೇನು? ಮೊದಲು ಗ್ಯಾಸ್ಕೆಟ್ ನೋಡ್ತೀರಿ, ಆಮ್ಯಾಲೆ ಸೀಟಿ ತೂತು ಊದಿ ನೋಡ್ತೀರಿ. ಹೊಲಿಗಿ ಮಶೀನ್ ದಾರ ಕಡೀಲಿಕ್ಕತ್ತಿದ್ರ ಸೂಜಿ ಬದಲಿಸಿ ನೋಡ್ತೀರಿ. ಇದೂ ಅಷ್ಟ. ಹೆಡ್‌ಲೈಟ್ ಕೆಟ್ರ ನೋಡ್ಲಿಕ್ಕೆ ಒಂದು ಕ್ರಮ ಅದ.

ಎರಡೂ ಲೈಟ್ ಕೂಡೇ ಹೋದ್ವು ಅಂದ್ರ ಒಮ್ಮೆಗೇ ಎರಡು ಬಲ್ಬ್ ಸುಡೂದು ಅಪರೂಪ. ಮೊದಲು ಫ್ಯೂಸ್, ಆಮ್ಯಾಲೆ ರಿಲೇ, ಆಮ್ಯಾಲೆ ಸ್ವಿಚ್ ನೋಡಬೇಕು. ಎಷ್ಟೋ ಗಾಡ್ಯಾಗ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇರ್ತದ, ಹಂಗಾಗಿ ಒಂದ ಕಡೆ ಹೋದ್ರೂ ಫ್ಯೂಸ್ ಒಮ್ಮೆ ನೋಡ್ರಿ. ಫ್ಯೂಸಿನ ಬಣ್ಣನ ಅದರ ಲೆಕ್ಕ ಹೇಳ್ತದ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಯಾವುದಿತ್ತೋ ಅದನ್ನ ಹಾಕ್ರಿ. ದೊಡ್ಡದು ಹಾಕೂದು, ತಂತಿ ಸುತ್ತೂದು ಮಾಡಿದ್ರ ಫ್ಯೂಸ್ ಬದಲಿಗೆ ವೈರ್ ಸುಡ್ತದ.

ಒಂದ ಲೈಟ್ ಹೋಗಿದ್ರ, ಇಲ್ಲಾ ಮಂದ ಆಗಿದ್ರ, ಪೈಸೆ ಖರ್ಚಿಲ್ಲದ ಪರೀಕ್ಷಾ ಒಂದದ. ಎಡದ ಬಲ್ಬ್ ಬಲಕ್ಕ, ಬಲದ್ದು ಎಡಕ್ಕ ಹಾಕ್ರಿ. ತೊಂದ್ರಿ ಬಲ್ಬಿನ ಸಂಗಾಟ ಆ ಕಡೆ ಹೋತು ಅಂದ್ರ ಬಲ್ಬ್ ಕೆಟ್ಟದ. ಇದ್ದಲ್ಲೆ ಇತ್ತು ಅಂದ್ರ ಹೋಲ್ಡರ್, ಇಲ್ಲಾ ವೈರ್. ಇಷ್ಟು ತಿಳಕೊಂಡ್ರ ಅರ್ಧಾ ಕೆಲಸ ಮುಗೀತು.

ನಾನೂ ಅದನ್ನ ಮಾಡಿದೆ. ಗಾಡಿ ಆರಿಸಿ, ಬಲ್ಬ್ ತಣ್ಣಗಾಗೂತನಕ ಕಾದು, ಹಿಂದಿನ ರಬ್ಬರ್ ಟೊಪಿಗಿ ತೆಗೆದು, ಕ್ಲಿಪ್ ಸರಿಸಿ ಬಲ್ಬ್ ಹೊರಗ ತೆಗೆದೆ. ಹ್ಯಾಲೋಜನ್ ಬಲ್ಬಿನ ಗಾಜಿಗೆ ಬೆರಳು ತಾಗಿಸಬಾರದು. ಕೈಯಾಗಿನ ಜಿಡ್ಡು ಹತ್ತಿದ್ರ ಆ ಜಾಗಾ ಹೆಚ್ಚು ಕಾದು ಬಲ್ಬ್ ಲಗೂ ಹೋಗ್ತದ. ಸ್ವಚ್ಛ ಅರಿವಿ ಹಿಡಕೊಂಡು ಹಾಕ್ರಿ. ಬಲ್ಬ್ ಅದಲು ಬದಲು ಮಾಡಿದ್ರೂ ಎಡಗಡೆ ಮಂದನ ಇತ್ತು. ಅಂದ್ರ ಬಲ್ಬ್ ಪಾಪ ಛಲೋ ಇತ್ತು. ಹೋಲ್ಡರ್ ಎಳೆದು ನೋಡಿದ್ರ ಸುಟ್ಟ ಬೆಲ್ಲದ ಬಣ್ಣ. ಪ್ಲಾಸ್ಟಿಕ್ ಕರಗಿ ಒಂದು ಪಿನ್ ಸಡಲಾಗಿ ಕರ್ರಗಾಗಿತ್ತು.

ಯಾಕ ಕರಗ್ತು? ಮೂರು ವರ್ಷದ ಹಿಂದ ಇವರು ಅಂಗಡಿಯವನ ಮಾತು ಕೇಳಿ "ಬೆಳಕು ಹೆಚ್ಚು ಬರ್ತದ" ಅಂತ 100/90 ವ್ಯಾಟ್ ಬಲ್ಬ್ ಹಾಕಿಸಿದ್ರು. ನಮ್ಮ ಗಾಡಿಗೆ ಕಂಪನಿ ಕೊಟ್ಟದ್ದು 60/55. 55 ವ್ಯಾಟಿಗೆ 12 ವೋಲ್ಟಿನ್ಯಾಗ ಸುಮಾರು ನಾಲ್ಕೂವರೆ ಆಂಪಿಯರ್ ಹರೀತದ, 90ಕ್ಕ ಏಳೂವರೆ. ಕರೆಂಟು ಹೆಚ್ಚಾದಷ್ಟು ಪಿನ್ನಿನ ಬಿಸಿ ಅದರ ವರ್ಗದ ಲೆಕ್ಕಕ್ಕ ಏರ್ತದ, ಅಂದ್ರ ಎರಡೂವರೆ ಪಟ್ಟು ದಾಟ್ತದ. ಹಳೇ ಹೋಲ್ಡರ್ ಎಷ್ಟು ತಡಕೋಬೇಕು? ಹೆಚ್ಚು ಬೆಳಕಿನ ಆಸೆಗೆ ಇದ್ದ ಬೆಳಕೂ ಹೋತು.

ಎಲ್‌ಇಡಿ ಹಾಕ್ಸು ಅನ್ನವರಿಗೂ ಇದ ಮಾತು. ಹಳೇ ಲೈಟಿನ ಒಳಗಿನ ಕನ್ನಡಿ ಹ್ಯಾಲೋಜನ್ ತಂತಿ ಇರೋ ಜಾಗಾಕ್ಕ ಅಳತಿ ಮಾಡಿ ಮಾಡಿದ್ದು. ಅದರಾಗ ಬ್ಯಾರೆ ತರದ ಎಲ್‌ಇಡಿ ತುರುಕಿದ್ರ ಬೆಳಕು ಚದರಿ ಎದುರಿಗೆ ಬರವರ ಕಣ್ಣಿಗೆ ಹೊಡೀತದ. ಆ ರಾತ್ರಿ ಲಾರಿ ನಮಗ ಏನು ಮಾಡಿತ್ತೋ ಅದನ್ನ ನಾವು ಇನ್ನೊಬ್ಬರಿಗೆ ಮಾಡಿದಂಗ ಆಗ್ತದ.

ಶಾಖ ತಡಿಯೋ ಹೊಸಾ ಹೋಲ್ಡರ್ 120 ರೂಪಾಯಿ, 60/55ರ ಎರಡು ಬಲ್ಬ್ 360. ಬಿಚ್ಚೂ ಮೊದಲು ಮೂರೂ ವೈರಿನ ಫೋಟೊ ಮೊಬೈಲಿನ್ಯಾಗ ತಕ್ಕೊಂಡೆ. ಬ್ಯಾಟರಿ ಮೈನಸ್ ತೆಗೆದೆ. ಒಂದೊಂದ ವೈರ್ ಕತ್ತರಿಸಿ, ಹೊಸಾ ಹೋಲ್ಡರಿನ ಅದ ಜಾಗಾದ ವೈರಿಗೆ ಜೋಡಿಸಿ, ಬಿಗಿ ಮಾಡಿ, ಮ್ಯಾಲೆ ಟ್ಯೂಬ್ ಹಾಕಿದೆ. ಲೈಟಿನ ಅರ್ಥಿಂಗ್ ವೈರ್ ಗಾಡಿ ಮೈಗೆ ಕೂಡೋ ಬೋಲ್ಟ್ ಜಂಗ್ ಹಿಡಿದಿತ್ತು. ಅದನ್ನ ಉಸುಕಿನ ಕಾಗದದಿಂದ ತಿಕ್ಕಿ ಮತ್ತ ಬಿಗಿದೆ. ಉಗುರಿನ್ಯಾಗಿನ ಕರಿ ಅದರದ್ದ. ಒಂದೂವರೆ ತಾಸು ಹಿಡೀತು. 5,600ರ ಕೆಲಸ 480ರಾಗ ಮುಗೀತು.

"ಕರೆಂಟ್ ಹೊಡದ್ರ?" ಅಂತ ನಮ್ಮ ವೈನಿ ಕೇಳಿದ್ರು. ಬ್ಯಾಟರಿ 12 ವೋಲ್ಟಿಂದು, ಒಣ ಕೈಯಿಗೆ ಶಾಕ್ ಹೊಡಿಯೂದಿಲ್ಲ. ಹೆದರಬೇಕಾದ್ದು ಬ್ಯಾರೆ ಅದ. ಬಂಗಾರದ ಬಳಿ, ಉಂಗುರ ಬ್ಯಾಟರಿಯ ಎರಡು ಕಡೆ ಕೂಡಿಸಿಬಿಟ್ರ ಕ್ಷಣದಾಗ ಕಾದು ಕೈ ಸುಡ್ತದ. ಅದಕ್ಕ ಎಲ್ಲಾ ತೆಗೆದಿಟ್ಟು ಕೂಡ್ರಿ.

ಎಲ್ಲಾನೂ ಮನ್ಯಾಗ ಮಾಡ್ರಿ ಅಂತ ನಾ ಹೇಳವಲ್ಲೆ. ಹೊಸಾ ಗಾಡಿ ಎಚ್‌ಐಡಿ ಲೈಟಿನ್ಯಾಗ ಭಾಳ ಹೆಚ್ಚಿನ ವೋಲ್ಟೇಜ್ ಇರ್ತದ, ಮುಟ್ಟಬ್ಯಾಡ್ರಿ. ವೈರ್ ಒಳಗತನಕ ಕರಗಿದ್ರ ಛಲೋ ಎಲೆಕ್ಟ್ರಿಶನ್ ಕಡೆನ ಹೋಗ್ರಿ. ಆದ್ರ ಏನು ಕೆಟ್ಟದ ಅಂತ ತಿಳಕೊಂಡು ಹೋಗ್ರಿ. "ಬಲ್ಬ್ ಸರಿ ಅದ, ಹೋಲ್ಡರ್ ನೋಡ್ರಿ" ಅಂತ ಹೇಳೋ ಹೆಂಗಸಿನ ಮುಂದ ಪೂರಾ ಅಸೆಂಬ್ಲಿ ಮಾತು ತಗಿಯೂದು ಅಷ್ಟು ಸುಲಭ ಅಲ್ಲ.

ಇನ್ನ ಆ ಪ್ರಶ್ನಿ ಕೇಳಿದಾಕಿಗೆ ಒಂದು ಮಾತು. ತಂಗಿ, ಸಿಟ್ಟಿಲ್ಲ. ನಿಮ್ಮನಿ ಗಾಡಿನೂ ಹಳೇದ, ಅದರಾಗ ದಿನಾ ಮಕ್ಕಳನ್ನ ಟ್ಯೂಶನ್‌ನಿಂದ ಕರಕೊಂಡು ಬರಾಕಿ ನೀನ. ಇವತ್ತ ದೀಪ ಹಚ್ಚೋ ಹೊತ್ತಿಗೆ ಗಾಡಿನ ಗ್ವಾಡಿ ಮುಂದ ನಿಲ್ಲಿಸಿ ಲೈಟ್ ಹಚ್ಚಿ ನೋಡು. ಎರಡೂ ಬೆಳಕು ಒಂದ ನಮೂನಿ ಇದ್ರ ಒಳಗ ಹೋಗಿ ಅಡಗಿ ಮಾಡು. ಒಂದು ಮಂದ ಇದ್ರ ನನಗ ಕರಿ, ಇಬ್ಬರೂ ಕೂಡಿ ಬಾನೆಟ್ ಎತ್ತೋಣು.